ಹೊಂಡದ ಪಾಳಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ಶುರುವಾದದ್ದು ಆ ಸಿಟ್ಟಿನಿಂದಲೇ. ನಾನು ಪಿಂಜಾರರ ಅಮೀನಬಿ. ಅಡರಕಟ್ಟಿ ದಾಟಿ ಎರೆನೆಲದಲ್ಲಿ ಮೂರು ಮೈಲಿ ನಡೆದರೆ ನಮ್ಮೂರು. ನನ್ನ ಗಂಡ ಮರ್ದಾನಸಾಬ ಅರಳೆ ಹಿಂಜುತ್ತಿದ್ದ, ನಾನು ಗಾದಿ ಹೊಲಿಯುತ್ತಿದ್ದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಒಮ್ಮೊಮ್ಮೆ ಮುಂಡರಗಿಯವರೆಗೂ ಹಿಂಜುವ ಬಿಲ್ಲು ಹೊತ್ತು ಹೋಗುತ್ತಿದ್ದೆವು. ಮದುವೆಯ ದಿನಗಳಲ್ಲಿ ನಮಗೆ ಉಸಿರಾಡಲೂ ಪುರುಸೊತ್ತು ಇರುತ್ತಿರಲಿಲ್ಲ.

ನಮ್ಮೂರಿನಲ್ಲಿ ಎಲ್ಲಿ ಬಾವಿ ತೋಡಿದರೂ ಸವಳು ನೀರು. ಕುಡಿಯಲು ಇದ್ದದ್ದು ಊರ ಮುಂದಿನ ಹೊಂಡ ಒಂದೇ. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ಮೆಟ್ಟಿಲು. ಮೆಟ್ಟಿಲು ಇಳಿದು, ಮೊಣಕಾಲುಮಟ ನೀರಿನಲ್ಲಿ ನಿಂತು, ಮೇಲಿನ ಕಸ ಸರಿಸಿ ಕೊಡ ಮುಳುಗಿಸುವುದು ನಮ್ಮ ರೂಢಿ. ನನ್ನ ಅತ್ತೆ ಹಾಗೆ ತುಂಬಿದಳು, ಅವಳ ಅತ್ತೆಯೂ ಹಾಗೆಯೇ ತುಂಬಿದ್ದಳು. ಅದರಲ್ಲಿ ತಪ್ಪೇನೂ ಯಾರಿಗೂ ಕಂಡಿರಲಿಲ್ಲ.

ಬೇಸಿಗೆ ಬಂದರೆ ಊರಿಗೆ ನಾರುಹುಣ್ಣು ಬರುತ್ತಿತ್ತು. ಈಗಿನವರಿಗೆ ಅದು ಗೊತ್ತಿಲ್ಲ, ಗೊತ್ತಿಲ್ಲದ್ದೇ ಒಳ್ಳೆಯದು. ಕಾಲಿನ ಮೇಲೆ ಬೊಕ್ಕೆ ಏಳುತ್ತದೆ, ಕೆಂಡ ಇಟ್ಟಂತೆ ಉರಿಯುತ್ತದೆ, ಒಡೆದ ಮೇಲೆ ಒಳಗಿಂದ ಬಿಳಿ ದಾರದಂಥ ಹುಳ ತಲೆ ಹೊರಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೊಂದು ಬೆರಳಿನಷ್ಟು ಎಳೆಯಬೇಕು. ಪೂರಾ ಬರಲು ತಿಂಗಳು ಹಿಡಿಯುತ್ತದೆ. ನಡುವೆ ಹರಿಯಿತೋ, ಕಾಲು ಬಾತು ಕೀವಾಗಿ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ನನ್ನ ಗಂಡನಿಗೆ ಹಾಗೇ ಹರಿದು ಎಡ ಮೊಣಕಾಲು ಮಡಚದಂತಾಯಿತು. ಆಮೇಲೆ ಅವನು ಬಿಲ್ಲು ಹೊತ್ತು ಊರೂರು ತಿರುಗುವುದು ನಿಂತಿತು. ಮನೆಯಲ್ಲೇ ಕಾಲು ಚಾಚಿ ಕೂತು ಹಿಂಜುತ್ತಿದ್ದ, ಗಾದಿ ಹೊತ್ತು ತಿರುಗುವುದು ನನ್ನ ಪಾಲಿಗೆ ಬಂತು.

ಈ ಹುಣ್ಣಿಗೆ ಊರು ಕಂಡುಕೊಂಡ ಉಪಾಯ ಸಪ್ತಾಹ. ಹೋಳಿ ಹುಣ್ಣಿಮೆ ಕಳೆದ ಮೇಲೆ ಹನುಮಪ್ಪನ ಗುಡಿಯಲ್ಲಿ ಏಳು ಹಗಲು ಏಳು ರಾತ್ರಿ ಭಜನೆ. ದನಿ ಒಂದು ಗಳಿಗೆಯೂ ಕಡಿಯಬಾರದು. ಗುಡಿಯ ಗೋಡೆಗೆ ಸುಣ್ಣ ಬಳಿದು ಇದ್ದಿಲಿನಿಂದ ಪಾಳಿ ಬರೆಯುತ್ತಿದ್ದರು. ಎರಡು ತಾಸಿಗೊಂದು ಪಾಳಿ, ಪಾಳಿಗೆ ಎರಡು ಮನೆಯಿಂದ ಒಬ್ಬೊಬ್ಬರು. ಒಬ್ಬನಿಗೆ ತೂಕಡಿಕೆ ಬಂದರೆ ಇನ್ನೊಬ್ಬ ಎಚ್ಚರ ಇರಬೇಕಲ್ಲ. ಅದೇ ವಾರ ನಮ್ಮವರು ದರ್ಗಾದಲ್ಲಿ ದುವಾ ಮಾಡಿ ಸಕ್ಕರೆ ಹಂಚುತ್ತಿದ್ದರು. ಭಜನೆಯಲ್ಲಿ ನಮ್ಮ ಮನೆಯ ಪಾಳಿಯೂ ಇತ್ತು, ನನ್ನ ಗಂಡ ತಾಳ ಹಿಡಿಯುತ್ತಿದ್ದ. ಸಪ್ತಾಹ ಮುಗಿದು ಪ್ರಸಾದ ಉಂಡು ಮನೆಗೆ ಬಂದರೆ ಮನಸ್ಸು ಹಗುರಾಗುತ್ತಿತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಹುಣ್ಣು ಮಾತ್ರ ಮರುವರ್ಷ ಮತ್ತೆ ಬರುತ್ತಿತ್ತು.

ಎಂಬತ್ತಮೂರನೇ ಇಸವಿ, ಹೋಳಿಗೆ ಇನ್ನೂ ಎಂಟು ದಿನ ಇರುವಾಗ ಆರೋಗ್ಯ ಇಲಾಖೆಯವನೊಬ್ಬ ಸೈಕಲ್ ಮೇಲೆ ಬಂದ. ಗುಡಿಯ ಕಟ್ಟೆಗೆ ಕೂತು ಬೆವರು ಒರೆಸಿಕೊಳ್ಳುತ್ತ ಹೇಳಿದ: "ಹುಣ್ಣು ಆದವರು ಉರಿ ತಾಳಲಾರದ ಕಾಲ ನೀರಾಗ ಇಡ್ತಾರ. ಆವಾಗ ಹುಳ ನೀರಾಗ ಮರಿ ಬಿಡ್ತೈತಿ. ಆ ನೀರು ಕುಡಿದವರಿಗೆ ಬರೂ ವರ್ಷ ಹುಣ್ಣು. ಒಂದು ವರ್ಷ ಹುಣ್ಣಿನ ಕಾಲು ಹೊಂಡದಾಗ ಬೀಳಲಿಲ್ಲ ಅಂದ್ರ ರೋಗ ಹೋತಂತ ತಿಳ್ಕೊರಿ." ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದೂ ಹೇಳಿದ. ನಾಲ್ಕು ದಿನ ಎಲ್ಲರೂ ಸೋಸಿದರು, ಐದನೆಯ ದಿನ ಬಟ್ಟೆ ರೊಟ್ಟಿ ಸುತ್ತಿಡಲು ಹೋಯಿತು. ಮನೆಯೊಳಗೆ ಯಾರು ಸೋಸಿದರು ಯಾರು ಬಿಟ್ಟರು ಎಂದು ನೋಡುವವರಾದರೂ ಯಾರು?

ಹೋಳಿಯ ಮರುದಿನ ನಮ್ಮ ಮನೆಯ ಪಾಳಿ ಬರೆಸಲು ಗುಡಿಗೆ ಹೋದೆ. ಭಜನೆಯ ಮುಖ್ಯಸ್ಥ ಪುಂಡಲೀಕಪ್ಪ ಗೋಡೆಯ ಮುಂದೆ ನಿಂತಿದ್ದ. ಇಪ್ಪತ್ತೆರಡು ವರ್ಷ ಸಪ್ತಾಹ ನಡೆಸಿದ ಮನುಷ್ಯ, ಒಳ್ಳೆಯ ದನಿ, ಮಾತು ಕಡಿಮೆ. ನೂಲು ಹಿಡಿದು ಗೆರೆ ಹಾಕಿ ಎಂಬತ್ತನಾಲ್ಕು ಚೌಕ ಮಾಡುತ್ತಿದ್ದ. ಏಳು ದಿನಕ್ಕೆ ಎಂಬತ್ತನಾಲ್ಕು ಪಾಳಿ, ಒಂದೂ ಖಾಲಿ ಬಿಡುವಂತಿಲ್ಲ. ಆ ಅಚ್ಚುಕಟ್ಟು ನೋಡಿ ನನ್ನ ತಲೆ ಕೆಟ್ಟಿತು.

"ಅಣ್ಣಾರ, ಏಳು ದಿನ ಹಾಡು ಕಡಿಯದಂಗ ನೋಡ್ಕೋತೀರಿ. ಒಂದು ವರ್ಷ ಆ ಹೊಂಡದಾಗ ಕಾಲು ಬೀಳದಂಗ ನೋಡ್ಕೊಳ್ಳಾಕ ಆಗೂದಿಲ್ಲೇನು?" ಎಂದೆ.

ಕಟ್ಟೆಯ ಮೇಲಿದ್ದವರು ನಕ್ಕರು. "ನಗ್ರಿ ನಗ್ರಿ, ನಿಮ್ಮ ಮೊಣಕಾಲು ಇನ್ನೂ ಮಡಚತಾವು, ಅದಕ್ಕ ನಗ್ತೀರಿ" ಎಂದೆ. ನಗೆ ನಿಂತಿತು.

ಪೂಜಾರಿ ಮೈಲಾರಪ್ಪ ಸಮಾಧಾನ ಮಾಡಲು ಬಂದ. "ಎರಡೂ ಮಾಡೋಣಲ್ಲವ್ವ. ಸಪ್ತಾಹನೂ ಆಗಲಿ, ಹೊಂಡಾನೂ ಕಾಯೋಣ."

"ಎರಡೂ ಬ್ಯಾಡ. ಹೊಂಡ ಒಂದ ಸಾಕು."

"ದೇವರಿಗೆ ಹೆಸರು ಬಂದ್ರ ನಿನಗ್ಯಾಕ ಹೊಟ್ಟಿಉರಿ?"

"ನನಗ್ಯಾಕ ಹೊಟ್ಟಿಉರಿ? ಎರಡೂ ಮಾಡಿ ರೋಗ ಹೋತು ಅಂತ ಇಟ್ಕೊರಿ. ಬರೂ ವರ್ಷ ಯಾವುದನ್ನ ಹಿಡೀತೀರಿ, ಯಾವುದನ್ನ ಬಿಡ್ತೀರಿ? ಏಳು ದಿನ ಹಾಡೂದು ಹಗುರ. ವರ್ಷಗಟ್ಲೆ ನೀರು ಸೇದೂದು ಭಾರ. ಹಗುರ ಇದ್ದದ್ದನ್ನ ಇಟ್ಕೊಂಡು ಮತ್ತ ನೀರಾಗ ಇಳೀತೀರಿ. ಈ ವರ್ಷ ದರ್ಗಾದ ದುವಾನೂ ಇಲ್ಲ, ಅದನ್ನ ನಾ ನೋಡ್ಕೋತೀನಿ."

ದುವಾದ ಮಾತು ಆಡಲು ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಅಂದು ಸಂಜೆ ದರ್ಗಾ ನೋಡಿಕೊಳ್ಳುವ ಮಹಬೂಬಸಾಬ ನಮ್ಮ ಮನೆ ಮುಂದೆ ನಿಂತು ನನ್ನ ಏಳು ತಲೆಮಾರನ್ನು ನೆನೆಸಿದ. ನಾನೂ ಅವನ ತಲೆಮಾರನ್ನು ಬಿಡಲಿಲ್ಲ. ಕೊನೆಗೆ ಒಪ್ಪಿದ.

ಗುಡಿಯಲ್ಲಿ ಅಂದು ನನ್ನ ಮಾತು ಮುಗಿದಾಗ ಪುಂಡಲೀಕಪ್ಪ ಕೈಯಲ್ಲಿದ್ದ ಇದ್ದಿಲು ಕೆಳಗಿಟ್ಟ. ಆಮೇಲೆ ಒದ್ದೆ ಅರಿವೆ ತರಿಸಿ ಗೋಡೆ ಒರೆಸಿದ. "ಹೊಂಡದ ಪಾಳಿ ಬರೀತೀನಿ. ಬೆಳಗ ಆರರಿಂದ ಸಂಜಿ ಆರರ ತನಕ. ಪಾಳಿಗಿಬ್ಬರು. ಬರೂ ವರ್ಷ ಹುಣ್ಣು ಬಂದ್ರ ಮತ್ತ ಸಪ್ತಾಹ. ಆವಾಗ ನೀ ಬಾಯಿ ತಗೀಬಾರದು ತಂಗಿ."

"ಆತು" ಎಂದೆ.

ನೀರಿಗಿಂತ ಎರಡು ಮೆಟ್ಟಿಲು ಮೇಲೆ ಹಲಗೆ ಹಾಕಿದರು, ಎರಡು ಬಕೀಟು, ಎರಡು ಹಗ್ಗ. ಪಾಳಿಯವರು ಸೇದಿ ಕೊಡ ತುಂಬಿಸಬೇಕು, ಮಿಕ್ಕವರು ಮೇಲೆಯೇ ನಿಲ್ಲಬೇಕು. ಹುಣ್ಣಾದವರ ಮನೆಗೆ ಪಾಳಿಯವರೇ ಎರಡು ಕೊಡ ಹೊತ್ತು ಹಾಕಬೇಕು. ಸಂಜೆಗೆ ಮೆಟ್ಟಿಲ ಬಾಯಿಗೆ ಜಾಲಿಮುಳ್ಳು. ಹನ್ನೆರಡು ದಿನಕ್ಕೊಮ್ಮೆ ಒಂದು ಮನೆಗೆ ಪಾಳಿ ಬರುತ್ತಿತ್ತು. ಗಂಡಸರು ಮೊದಮೊದಲು ನಾಚಿ ಸತ್ತರು. ಹೆಂಗಸರು ಸಾಲಾಗಿ ನಿಂತು, "ಜಲ್ದಿ ಸೇದ್ರಿ, ರೊಟ್ಟಿ ಮಾಡೂದೈತಿ" ಎಂದು ಜೋರು ಮಾಡುತ್ತಿದ್ದರು. ಜನ್ಮದಲ್ಲಿ ಒಂದು ಕೊಡ ಎತ್ತದವರ ಅಂಗೈಯಲ್ಲಿ ಬೊಬ್ಬೆ ಎದ್ದವು. ನನಗೆ ಅದನ್ನು ನೋಡುವುದೇ ಒಂದು ಸುಖವಾಗಿತ್ತು.

ತಕರಾರು ಇಲ್ಲದೆ ಇರಲಿಲ್ಲ. ಪಿಂಜಾರರು ಸೇದಿದ ನೀರು ಹನುಮಪ್ಪನಿಗೆ ನಡೆಯುವುದಿಲ್ಲ ಎಂದ ಮೈಲಾರಪ್ಪ. "ಹಂಗಾರ ದಿನಾ ಮೊದಲನೇ ಬಕೀಟು ನೀವ ಸೇದ್ರಿ" ಎಂದ ಪುಂಡಲೀಕಪ್ಪ. ಪೂಜಾರಿ ವರ್ಷವಿಡೀ ನಸುಕಿನಲ್ಲಿ ಬಂದು ಸೇದಿದ. ಕೆಳಗಿನ ಕೇರಿಯ ಹನಮಂತವ್ವ ಒಂದು ದಿನ ಸಾಲಿನಲ್ಲಿ ನನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದಳು: "ನಾವು ಹುಟ್ಟಿದಾಗಿಂದ ಹಿಂಗ ಮ್ಯಾಲ ನಿಂತು, ಯಾರರ ನೀರು ಹಾಕ್ಯಾರೇನೋ ಅಂತ ಕಾದೇವಿ. ಈಗ ನೀವೂ ಬಂದ್ರಿ." ಅವರ ಕೇರಿಯ ಹೆಸರು ಗೋಡೆಯ ಮೇಲೆ ಇರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಪುಂಡಲೀಕಪ್ಪನಿಗೆ ಹೇಳಿದೆ. ಅವನು ನಾಲ್ಕು ದಿನ ಮುಂದೂಡಿ ಐದನೆಯ ದಿನ ಬರೆದ. ಅವರ ಪಾಳಿಯಲ್ಲಿ ನೀರಿಗೆ ಬಾರದ ಮನೆಗಳು ಕಡೆಯತನಕ ಆರು ಇದ್ದವು.

ಆ ಬೇಸಿಗೆಯಲ್ಲೂ ನಲವತ್ತಮೂರು ಜನಕ್ಕೆ ಹುಣ್ಣಾಯಿತು. ಅದು ಹಿಂದಿನ ವರ್ಷ ಕುಡಿದ ನೀರಿನದು ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ಸಪ್ತಾಹವಾದರೆ ಎಂಟನೆಯ ದಿನ ಮನಸ್ಸಿಗೆ ನೆಮ್ಮದಿ ಸಿಗುತ್ತಿತ್ತು, ಇಲ್ಲಿ ಸಿಗುವುದು ಅಂಗೈ ಬೊಬ್ಬೆ ಮಾತ್ರ. "ಅಮೀನವ್ವ, ನಿನ್ನ ಹೊಂಡದ ದೇವರು ಒಲಿವಲ್ಲನಲ್ಲ" ಎಂದು ಚೇಷ್ಟೆ ಮಾಡುತ್ತಿದ್ದರು. ನಲವತ್ತಮೂರರಲ್ಲಿ ನನ್ನ ಗಂಡನೂ ಒಬ್ಬ. ಈ ಸಲ ಬಲಗಾಲ ಹಿಮ್ಮಡದ ಮೇಲೆ. ಇದ್ದದ್ದೊಂದು ಒಳ್ಳೆಯ ಕಾಲು.

ಬಸವ ಜಯಂತಿ ಕಳೆದು ನಾಲ್ಕು ದಿನಕ್ಕೆ ನನ್ನ ಪಾಳಿ, ಮಧ್ಯಾಹ್ನ ಹನ್ನೆರಡರಿಂದ ಎರಡು. ಜೊತೆಗೆ ಗದಿಗೆವ್ವ. ಅವಳ ಸೊಸೆಗೆ ತಲೆಸುತ್ತು ಬಂದಿದೆ ಎಂದು ಕರೆ ಬಂತು. "ಹೋಗಿ ಬಾ, ನಾ ಅದೀನಿ" ಎಂದೆ. ಬಿಸಿಲಿಗೆ ನೀರಿಗೂ ಯಾರೂ ಬರಲಿಲ್ಲ. ಆಗ ನನ್ನ ಗಂಡ ಬಂದ. ಮಡಚದ ಕಾಲು ಒಂದು, ಉರಿಯುವ ಕಾಲು ಒಂದು, ಎರಡು ಕೈಯಿಂದ ನೆಲ ಹಿಡಿದು ತೆವಳುತ್ತ ಬಂದಿದ್ದ. ಮೂರು ದಿನದಿಂದ ಅವನ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

"ಒಂದ ಗಳಿಗಿ, ಅಮೀನಾ" ಎಂದ.

ಅವನನ್ನು ಮೇಲೆ, ನೀರು ಹೊಂಡಕ್ಕೆ ಮರಳಿ ಹರಿಯದ ಹಾಗೆ ಒಡ್ಡಿನಾಚೆ ಕೂಡಿಸಿ ಬಕೀಟಿನಿಂದ ಸುರಿದೆ. ಒಂದಲ್ಲ, ಎಂಟು ಬಕೀಟು. ಸುರಿಯುವಾಗ ತಣ್ಣಗೆ, ಹರಿದು ಹೋದ ಕೂಡಲೇ ಮತ್ತೆ ಉರಿ. ಅವನು ಅಳತೊಡಗಿದ. ಮೊಣಕಾಲು ಹೋದಾಗಲೂ ಅಳದ ಗಂಡಸು. ಒಂಬತ್ತನೆಯ ಬಕೀಟಿಗೆ ನಾನು ಇಳಿದಾಗ ಹಿಂದೆಯೇ ಕುಂಡಿ ಊರಿಕೊಂಡು ಮೆಟ್ಟಿಲು ಇಳಿದು ಬಂದ. ನಾನು ಬೇಡ ಎನ್ನಲಿಲ್ಲ. ಇಡು ಎಂದೂ ಹೇಳಲಿಲ್ಲ. ಮುಖ ತಿರುಗಿಸಿ ಹಗ್ಗ ಸುತ್ತುತ್ತ ನಿಂತೆ. ಕಾಲು ನೀರಿಗೆ ಬಿದ್ದ ಸದ್ದು ಕೇಳಿತು. "ಯಾ ಅಲ್ಲಾ" ಎಂದು ಅವನು ಬಿಟ್ಟ ಉಸಿರು ಕೇಳಿತು. ಅಷ್ಟು ನೆಮ್ಮದಿಯ ಉಸಿರನ್ನು ನಾನು ದರ್ಗಾದಲ್ಲೂ ಕೇಳಿಲ್ಲ, ಗುಡಿಯಲ್ಲೂ ಕೇಳಿಲ್ಲ.

ಗದಿಗೆವ್ವ ಮರಳಿ ಬರುವಷ್ಟರಲ್ಲಿ ಅವನನ್ನು ಮನೆಗೆ ಕಳಿಸಿದ್ದೆ. ನಾವಿಬ್ಬರೂ ಆ ಮಾತನ್ನು ಮನೆಯಲ್ಲಿ ಎತ್ತಲಿಲ್ಲ. ಆದರೆ ಅಂದಿನಿಂದ ಯಾರ ಪಾಳಿ ತಪ್ಪಿದರೂ ನಾನು ಹೋಗಿ ನಿಲ್ಲತೊಡಗಿದೆ. ಜ್ವರ ಬಂದವರದು, ಸಂತೆಗೆ ಹೋದವರದು, ಸೋಮಾರಿಗಳದು. ಊರು ಹೊಗಳಿತು. "ನಿಷ್ಠಿ ಅಂದ್ರ ಅಮೀನವ್ವಂದು" ಎಂದು ಪುಂಡಲೀಕಪ್ಪನೇ ಒಮ್ಮೆ ಹೇಳಿದ. ನೆಲ ಬಿರಿದು ನುಂಗಬಾರದೇ ಅನಿಸಿತು. ಊರಿನ ದುವಾ ನಿಲ್ಲಿಸಿದವಳು ನಾನೇ, ಒಲೆಯ ಮುಂದೆ ಕೂತು ಯಾರಿಗೂ ಹುಣ್ಣಾಗದಿರಲಿ ಎಂದು ದಿನಾ ಬೇಡಿಕೊಂಡವಳೂ ನಾನೇ.

ಎಂಬತ್ತನಾಲ್ಕರ ಹೋಳಿ ಬಂತು, ಹೋಯಿತು. ಯಾರಿಗೂ ಹುಣ್ಣಿಲ್ಲ. ಯುಗಾದಿ ಹೋಯಿತು, ಇಲ್ಲ. ಜನ ಒಬ್ಬರ ಕಾಲು ಒಬ್ಬರು ನೋಡಿ ನಗುತ್ತಿದ್ದರು. ಬಸವ ಜಯಂತಿ ಕಳೆದು ಮೂರು ವಾರಕ್ಕೆ ಪುಂಡಲೀಕಪ್ಪನ ಮೀನಖಂಡದ ಮೇಲೆ ಬೊಕ್ಕೆ ಎದ್ದಿತು. ವಾರದೊಳಗೆ ಇನ್ನೂ ಮೂವರಿಗೆ.

ನಲವತ್ತಮೂರು ಇದ್ದದ್ದು ನಾಲ್ಕಾಯಿತು. ಆದರೆ ಅದನ್ನು ಯಾರೂ ಆಡಲಿಲ್ಲ. ಊರ ಬಾಯಲ್ಲಿ ಒಂದೇ ಮಾತು: ಸಪ್ತಾಹ ನಿಲ್ಲಿಸಿದವನ ಕಾಲಿಗೇ ಬಂತು, ನೋಡಿದಿರಾ? ಪುಂಡಲೀಕಪ್ಪನೂ ಅದನ್ನೇ ನಂಬಿದ. ಬರುವ ಸೋಮವಾರ ಗುಡಿಯ ಗೋಡೆಗೆ ಸುಣ್ಣ ಬಳಿಸುತ್ತೇನೆ, ಮತ್ತೆ ಸಪ್ತಾಹದ ಪಾಳಿ ಬರೆಯುತ್ತೇನೆ ಎಂದು ಹೇಳಿ ಕಳಿಸಿದ. ಹೊಂಡದ ಹಲಗೆಯನ್ನು ಯಾರೋ ಅಷ್ಟರಲ್ಲೇ ಎತ್ತಿ ಮನೆಗೆ ಒಯ್ದಿದ್ದರು.

ನಾನು ಸುಮ್ಮನಿದ್ದರೆ ಎಲ್ಲವೂ ಸರಿ. ನನ್ನ ಮಾನ ಉಳಿಯುತ್ತದೆ, ಭಜನೆ ನಡೆಯುತ್ತದೆ, ಹುಣ್ಣಿನ ಕಾಲುಗಳು ಮತ್ತೆ ನೀರಿಗೆ ಇಳಿಯುತ್ತವೆ. ಹೇಳಿದರೆ? ಗಂಡನನ್ನು ಕೇಳಿದೆ. ಅವನು ಹಿಂಜುವುದು ನಿಲ್ಲಿಸಿದ. "ಮರ್ದಾನಸಾಬ ಕಾಲಿಟ್ಟ ಅನ್ನೂದಿಲ್ಲ, ಪಿಂಜಾರರು ನೀರು ಕೆಡಿಸಿದ್ರು ಅಂತಾರ. ನಮ್ಮ ಎಂಟು ಮನಿ ಮ್ಯಾಲ ಬರ್ತೈತಿ" ಎಂದ. ಅದು ಖರೆಯೇ ಇತ್ತು. ಬಿಲ್ಲನ್ನು ಗೋಡೆಗೆ ಆನಿಸಿ ಮತ್ತೆ ಹೇಳಿದ: "ಕಾಲು ನಂದು. ನನ್ನನ್ನೂ ಕರ್ಕೊಂಡು ನಡಿ."

ಸೋಮವಾರ ಗುಡಿಯ ಮುಂದೆ ಊರೆಲ್ಲ ಕೂಡಿತ್ತು. ಮೈಲಾರಪ್ಪ ಸುಣ್ಣ ಕಲಸುತ್ತಿದ್ದ. ಪುಂಡಲೀಕಪ್ಪ ಕೋಲು ಊರಿ ನಿಂತು, "ನಂದ ತಪ್ಪು. ಹನುಮಪ್ಪ ತೋರಿಸಿಕೊಟ್ಟ" ಎಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ಹನುಮಪ್ಪಂದಲ್ಲ. ನಂದು" ಎಂದೆ. ಪಾಳಿಯ ದಿನ, ಗದಿಗೆವ್ವನನ್ನು ಕಳಿಸಿದ್ದು, ಎಂಟು ಬಕೀಟು, ನಾನು ಮುಖ ತಿರುಗಿಸಿದ್ದು, ಒಂದೂ ಬಿಡದೆ ಹೇಳಿದೆ. ನನ್ನ ಗಂಡ ನೆಲದ ಮೇಲೆ ಕೂತು ಬಲಗಾಲು ಮುಂದೆ ಚಾಚಿದ. "ಇದ ಕಾಲು" ಎಂದ.

ಅವನು ಹೇಳಿದ ಹಾಗೆಯೇ ಆಯಿತು. "ಪಿಂಜಾರರು ನೀರು ಕೆಡಿಸಿದ್ರು" ಎಂದು ಹಿಂದಿನಿಂದ ಒಬ್ಬ ಕೂಗಿದ. ಇನ್ನೊಬ್ಬ ಎದ್ದ, ಮತ್ತೊಬ್ಬ ಎದ್ದ. ಗದಿಗೆವ್ವ ಸೆರಗು ಬಿಗಿದುಕೊಂಡು ನನ್ನ ಪಕ್ಕಕ್ಕೆ ಬಂದು, "ಪಾಳಿ ಬಿಟ್ಟು ಹೋದಾಕಿ ನಾನೂ ಅದೀನಿ, ನನಗೂ ಬೈರಿ" ಎಂದಳು. ಪುಂಡಲೀಕಪ್ಪ ಕೈ ಎತ್ತಿದ. ಗದ್ದಲ ತಗ್ಗಿತು.

"ಯಾವತ್ತು ಅದು?" ಎಂದು ಕೇಳಿದ.

"ಬಸವ ಜಯಂತಿ ಆಗಿ ನಾಕ ದಿನಕ್ಕ."

ಅವನು ಬೆರಳ ಗೆಣ್ಣು ಎಣಿಸಿದ. ಎರಡು ಸಲ ಎಣಿಸಿದ. ತನ್ನ ಮೀನಖಂಡ ನೋಡಿಕೊಂಡ. "ವರ್ಷ ತುಂಬಿ ಹದಿನೇಳ ದಿನ ಮ್ಯಾಲ. ಸೈಕಲ್ಲಿನಾಂವ ಹೇಳಿದ್ದ ಲೆಕ್ಕ ಬರೋಬ್ಬರಿ ಕೂಡ್ತು" ಎಂದ. ಆಮೇಲೆ ಜನರ ಕಡೆ ತಿರುಗಿದ. "ಒಂದು ಕಾಲು ಒಂದು ಗಳಿಗಿ ಇಳಿದದ್ದಕ್ಕ ನಾಕ ಹುಣ್ಣು. ಹೋದ ವರ್ಷದ ಹಿಂದ ದಿನಕ್ಕ ಎಷ್ಟು ಕಾಲು ಇಳೀತಿದ್ವು? ನಮ್ಮ ಮನ್ಯಾರ ಹುಣ್ಣಿನ ಕಾಲೂ ಇಳೀತಿದ್ವು. ನಾವು ಎಷ್ಟು ಮಂದಿಗೆ ಹಚ್ಚೇವೋ ಏನೋ."

ಮೈಲಾರಪ್ಪ ಎದ್ದು ಗೋಡೆಗೆ ಸುಣ್ಣ ಬಳಿದ. ಅದು ಒಣಗುವತನಕ ಎಲ್ಲರೂ ಹಾಗೇ ಕೂತಿದ್ದೆವು. ಒಣಗಿದ ಮೇಲೆ ಅವನು ಇದ್ದಿಲು ಎತ್ತಿಕೊಂಡು ಬರೆದ, ಹೊಂಡದ ಪಾಳಿಯನ್ನು. ನಮ್ಮ ಮನೆಯ ಹೆಸರು ಇರಲಾರದು ಎಂದುಕೊಂಡಿದ್ದೆ. ಇತ್ತು. ಗುರುವಾರ ಮಧ್ಯಾಹ್ನ, ಜೊತೆಗೆ ಗದಿಗೆವ್ವ. ಎಲ್ಲರಿಗೂ ಇದು ಸೇರಲಿಲ್ಲ. ಎರಡು ಮನೆಯವರು ನನ್ನ ಕೈಯಿಂದ ನೀರು ಹಾಕಿಸಿಕೊಳ್ಳುವುದನ್ನು ಬಿಟ್ಟರು. ಮಹಬೂಬಸಾಬ ಆ ರಮಜಾನ್ ಮುಗಿಯುವತನಕ ನನ್ನ ಗಂಡನ ಜೊತೆ ಮಾತು ಬಿಟ್ಟಿದ್ದ.

ಗುರುವಾರ ಬಿಸಿಲು ನೆತ್ತಿ ಸುಡುತ್ತಿತ್ತು. ಗದಿಗೆವ್ವ ಮೇಲೆ, ನಾನು ಕೆಳಗೆ, ಒಯ್ದವರೇ ಮರಳಿ ತಂದು ಹಾಕಿದ ಹಲಗೆಯ ಮೇಲೆ. ಪುಂಡಲೀಕಪ್ಪ ಬಂದ. ಕೈಯಲ್ಲಿ ಕೋಲಿತ್ತು, ಕೊಡ ಇರಲಿಲ್ಲ. ಮುಖ ಬಿಳಿಚಿತ್ತು. ಗದಿಗೆವ್ವ "ಅಣ್ಣಾರ" ಎನ್ನುವುದರೊಳಗೆ ನಾಲ್ಕು ಮೆಟ್ಟಿಲು ಇಳಿದುಬಿಟ್ಟಿದ್ದ. ಅಲ್ಲಿ ನಿಂತು ನೀರು ನೋಡಿದ. ಆ ನೋಟ ನನಗೆ ಗೊತ್ತಿತ್ತು.

"ತಂಗಿ, ಇಷ್ಟು ಉರಿ ಇರ್ತೈತಿ ಅಂತ ಗೊತ್ತಿರಲಿಲ್ಲ" ಎಂದ. ಕೋಲಿಗೆ ಭಾರ ಬಿಟ್ಟು ಮತ್ತೆ ಹೇಳಿದ: "ಆವತ್ತು ನಿನ್ನ ಜಾಗಾದಾಗ ನಾ ಇದ್ದಿದ್ರೂ ಬಿಡ್ತಿದ್ದೆ."

ಒಂದು ವರ್ಷ ಹೊತ್ತ ಭಾರ ಅಲ್ಲೇ ಇಳಿಯಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅಳುತ್ತಲೇ ಹಗ್ಗವನ್ನು ಎರಡು ಕೈಯಲ್ಲಿ ಅಡ್ಡ ಹಿಡಿದು ಅವನ ಮುಂದೆ ನಿಂತೆ. ಅವನು ಇನ್ನೊಂದು ಮೆಟ್ಟಿಲು ಇಳಿದ. ಹಗ್ಗ ಅವನ ಎದೆಗೆ ತಾಗಿತು.

"ನಾ ಬಿಡೂದಿಲ್ಲರಿ ಅಣ್ಣಾರ. ಮ್ಯಾಲ ನಡೀರಿ."

ಅವನು ನನ್ನನ್ನು ಬೈದ. ಇಪ್ಪತ್ತೆರಡು ವರ್ಷ ದೇವರ ಹೆಸರು ಹಾಡಿದ ಬಾಯಿಂದ ಅಂಥ ಮಾತು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಕೋಲು ಊರಿ ಒಂದೊಂದೇ ಮೆಟ್ಟಿಲು ಹತ್ತಿದ. ಒಡ್ಡಿನಾಚೆ ಕೂಡಿಸಿ ನಾನು ಸೇದಿದೆ, ಗದಿಗೆವ್ವ ಸುರಿದಳು. ಉರಿ ಆರಲಿಲ್ಲ. ನಮ್ಮ ಪಾಳಿ ಮುಗಿದ ಮೇಲೆ ಬಂದವರು ಬಕೀಟು ತೆಗೆದುಕೊಂಡರು, ಅವರ ನಂತರದವರು ಅವರಿಂದ. ಸಂಜೆ ಆರರವರೆಗೆ ಅವನ ಕಾಲಿನ ಮೇಲೆ ನೀರು ಬೀಳುವುದು ನಿಲ್ಲಲಿಲ್ಲ.